ತಂತಿ ಸಡಿಲ ಮಾಡಿದರೆ ಬ್ಯಾರಿಟೋನ್ ಆಗುವುದಿಲ್ಲ

ಸ್ವಲ್ಪ ಉದ್ದದ ಬರಹ. ಗಿಟಾರ್ ಬಗ್ಗೆ ಆಸಕ್ತಿ ಇಲ್ಲದವರು ಇಲ್ಲೇ ಬಿಟ್ಟು ಮುಂದೆ ಹೋದರೂ ಬೇಜಾರಿಲ್ಲ. ಬ್ಯಾರಿಟೋನ್ ಅಂದರೆ ಮಾಮೂಲಿಗಿಂತ ಕೆಳಗಿನ ಶ್ರುತಿಗೆಂದೇ ಮಾಡಿದ ಗಿಟಾರ್.

ಇದ್ದ ಎಲೆಕ್ಟ್ರಿಕ್ ಗಿಟಾರ್‌ನ ಆರೂ ತಂತಿಗಳನ್ನು ಸಡಿಲ ಮಾಡಿ, ‘ಇ’ (E) ಸ್ವರ ಇದ್ದದ್ದನ್ನು ‘ಬಿ’ಗೆ (B) ಇಳಿಸಿ, ‘ಬ್ಯಾರಿಟೋನ್ ಮಾಡಿದೀನಿ ಕಣ್ರೀ’ ಅನ್ನುವವರು ನಮ್ಮ ಚಿಕ್ಕಮಗಳೂರಿನಲ್ಲೂ ಇದ್ದಾರೆ. ನಾನು ಇದನ್ನು ಒಪ್ಪುವುದಿಲ್ಲ. ಅದು ಸಡಿಲ ಗಿಟಾರ್ ಅಷ್ಟೇ. ಬ್ಯಾರಿಟೋನ್ ಬೇಕು ಅಂದರೆ ತಂತಿಯ ಉದ್ದ ಹೆಚ್ಚಬೇಕು. ಅದಕ್ಕೆ ಹೊಸ ಗಿಟಾರ್ ಕೊಳ್ಳಬೇಕಾಗಿಯೂ ಇಲ್ಲ, ನೆಕ್ (ಬೆರಳಿಟ್ಟು ನುಡಿಸುವ ಉದ್ದನೆಯ ಕತ್ತು) ಬದಲಾಯಿಸಿದರೆ ಸಾಕು. ನಾನು ಮಾಡಿಸಿರುವುದೂ ಅದನ್ನೇ.

ಲೆಕ್ಕ ಸುಲಭ. ಗಿಟಾರ್‌ನ ಅತಿ ದಪ್ಪ ತಂತಿಯ ‘ಇ’ ಸೆಕೆಂಡಿಗೆ 82.4 ಸಲ ಕಂಪಿಸುತ್ತದೆ, ‘ಬಿ’ 61.7 ಸಲ. ಅದೇ ತಂತಿ, ಅದೇ ಉದ್ದ ಇಟ್ಟುಕೊಂಡು ಅಷ್ಟು ಇಳಿಸಿದರೆ ಬಿಗಿ ಶೇಕಡಾ 56ಕ್ಕೆ ಬಂದು ನಿಲ್ಲುತ್ತದೆ. ಸುಮಾರು ಅರ್ಧ! ಆಮೇಲೆ ತಂತಿ ಫ್ರೆಟ್‌ಗೆ (ನೆಕ್ ಮೇಲಿನ ಅಡ್ಡ ಲೋಹದ ಪಟ್ಟಿಗೆ) ಬಡಿದು ಝರ್ ಅನ್ನುತ್ತದೆ. ಸ್ವಲ್ಪ ಒತ್ತಿ ಹಿಡಿದರೂ ಶ್ರುತಿ ಮೇಲೆ ಹೋಗುತ್ತದೆ. ‘ಹಾಗಾದ್ರೆ ದಪ್ಪ ತಂತಿ ಹಾಕಿದ್ರೆ ಆಯ್ತಲ್ವಾ?’ ಅಂತ ಕೇಳುತ್ತಾರೆ. ಹಾಕಬಹುದು. ಆದರೆ ಹಳೆಯ ಬಿಗಿ ವಾಪಸ್ ಬರಬೇಕಾದರೆ 46ರ ಗೇಜ್ (ತಂತಿಯ ದಪ್ಪ, ಇಂಚಿನ ಸಾವಿರದ ಒಂದು ಭಾಗದ ಲೆಕ್ಕದಲ್ಲಿ) ಇದ್ದ ಕಡೆ 61 ಬೇಕು. ಗಿಡ್ಡ ನೆಕ್ ಮೇಲೆ ಅಷ್ಟು ದಪ್ಪ ತಂತಿ ಸಲೀಸಾಗಿ ಬಳುಕುವುದಿಲ್ಲ. ಮೂಲ ಸ್ವರದ ಜೊತೆಗೆ ಹುಟ್ಟುವ ಮೇಲಿನ ನಾದಗಳು (ಓವರ್‌ಟೋನ್) ಒಂದು ಚೂರು ಶ್ರುತಿ ತಪ್ಪುತ್ತವೆ. ಸ್ವರ ಬಿಡಿಯಾಗಿ ಕೇಳುವ ಬದಲು ಗುಮ್ ಅಂತ ಕೇಳುತ್ತದೆ. ಉದ್ದ ಹೆಚ್ಚಿಸಿದರೆ 55 ಸಾಕು, ನಾದವೂ ಬಿಡಿಸಿ ಕೇಳುತ್ತದೆ. ತಂಬೂರಿ ಮಾಡುವವರಿಗೆ ಇದು ಯಾವ ಕಾಲದಿಂದಲೋ ಗೊತ್ತು. ಗಂಡು ಧ್ವನಿಯ ತಂಬೂರಿ ಉದ್ದ, ಹೆಣ್ಣು ಧ್ವನಿಯದ್ದು ಗಿಡ್ಡ. ಒಂದನ್ನೇ ಮಾಡಿ ಇಬ್ಬರಿಗೂ ತಂತಿ ತಿರುಗಿಸಿಕೊಳ್ಳಿ ಅಂತ ಅವರು ಹೇಳಲಿಲ್ಲ.

ಈಗ ನನಗೆ ಬಹಳ ಇಷ್ಟವಾದ ಭಾಗಕ್ಕೆ ಬರುತ್ತೇನೆ. ಫೆಂಡರ್ ಕಂಪನಿಯ ಸ್ಟ್ರಾಟ್, ಟೆಲಿ ತರದ ಗಿಟಾರ್‌ಗಳಲ್ಲಿ ನಟ್‌ನಿಂದ (ತಲೆಯ ಕಡೆ ತಂತಿ ಕೂರುವ ಪಟ್ಟಿ) ಬ್ರಿಡ್ಜ್‌ವರೆಗೆ (ಬಾಡಿ ಮೇಲೆ ತಂತಿ ಕೂರುವ ಜಾಗ) ತಂತಿಯ ಉದ್ದ 25.5 ಇಂಚು. ಬದಲಿ ಬ್ಯಾರಿಟೋನ್ ನೆಕ್‌ಗಳಲ್ಲಿ ಹೆಚ್ಚು ಸಿಗುವುದು ಎರಡು ಅಳತೆ, 27 ಇಂಚು ಮತ್ತು 28 ಇಂಚು 5/8. ಇದೇನು ವಿಚಿತ್ರ ಅಳತೆ ಅಂತ ನಾನೂ ಅಂದುಕೊಂಡಿದ್ದೆ. ಕ್ಯಾಲ್ಕುಲೇಟರ್ ತೆಗೆದುಕೊಳ್ಳಿ. ಒಂದು ಫ್ರೆಟ್‌ನಷ್ಟು ಕೆಳಗೆ ಹೋಗಲು ಉದ್ದವನ್ನು 1.0595ರಿಂದ ಗುಣಿಸಬೇಕು. 25.5ನ್ನು ಒಮ್ಮೆ ಗುಣಿಸಿದರೆ 27.02. ಇನ್ನೊಮ್ಮೆ ಗುಣಿಸಿದರೆ 28.62. ಅಂದರೆ 27 ಇಂಚಿನ ನೆಕ್ ಎಂದರೆ ನಿಮ್ಮ ಹಳೆಯ ನೆಕ್‌ಗೆ ತಲೆಯ ಕಡೆ ಒಂದು ಫ್ರೆಟ್ ಜೋಡಿಸಿದ ಹಾಗೆ. 28 ಇಂಚು 5/8 ಎಂದರೆ ಎರಡು ಫ್ರೆಟ್. ಹಾಗಾಗಿಯೇ ಬ್ರಿಡ್ಜನ್ನು ಜರುಗಿಸುವ ಕೆಲಸ ಇಲ್ಲ. ಹಳೆಯ 22ನೇ ಫ್ರೆಟ್ ಇದ್ದ ಜಾಗಕ್ಕೆ ಈಗ 24ನೇ ಫ್ರೆಟ್ ಬರುತ್ತದೆ. ಬಾಡಿ ಕಡೆಗೆ ಏನೂ ಬದಲಾಗುವುದಿಲ್ಲ. ಎರಡನೇ ಫ್ರೆಟ್‌ಗೆ ಕೇಪೋ (ಎಲ್ಲ ತಂತಿಗಳನ್ನೂ ಒಟ್ಟಿಗೆ ಒತ್ತಿ ಹಿಡಿಯುವ ಕ್ಲಿಪ್) ಹಾಕಿದರೆ ಅಲ್ಲಿಂದ ಮುಂದೆ ಅಳತೆಯಲ್ಲಿ ನಿಮ್ಮ ಹಳೆಯ ಗಿಟಾರೇ. ಈ ಲೆಕ್ಕ ಹೊಂದಿದಾಗ ನನಗೆ ಆದ ಖುಷಿಯನ್ನು ಮನೆಯಲ್ಲಿ ಹೇಳಿದೆ, ಯಾರೂ ತಲೆ ಎತ್ತಲಿಲ್ಲ.

ಇದೆಲ್ಲ ಸಾಧ್ಯವಾಗಿರುವುದು ಅಮೆರಿಕದ ಗಿಟಾರ್ ತಯಾರಕ ಲಿಯೋ ಫೆಂಡರ್ 1950ರಲ್ಲಿ ಮಾರಾಟಕ್ಕೆ ತಂದ ಗಿಟಾರ್‌ನಲ್ಲಿ ನೆಕ್ಕನ್ನು ಅಂಟಿಸದೆ ನಾಲ್ಕು ಸ್ಕ್ರೂನಲ್ಲಿ ಕೂರಿಸಿದ್ದರಿಂದ. ಕೆಟ್ಟರೆ ಬಿಚ್ಚಿ ಬೇರೆ ಹಾಕು, ಅಷ್ಟೇ ಆ ಮನುಷ್ಯನ ಯೋಚನೆ. ಲೆಸ್ ಪಾಲ್ ತರದ, ಗೋಂದಿನಲ್ಲಿ ಅಂಟಿಸಿದ ನೆಕ್ ಇದ್ದರೆ ಈ ದಾರಿಗೆ ಬರಲೇಬೇಡಿ.

ನನಗೆ ಬ್ಯಾರಿಟೋನ್ ಯಾಕೆ ಬೇಕಾಯಿತು? ಮೆಟಲ್ ನುಡಿಸಲಿಕ್ಕಲ್ಲ. ನಮ್ಮದು ಭಾವಗೀತೆ ತಂಡ. ಗಣಪತಿ ಪೆಂಡಾಲ್, ರಾಜ್ಯೋತ್ಸವ, ಒಮ್ಮೊಮ್ಮೆ ಮದುವೆ ಮನೆ. ನಮ್ಮಲ್ಲಿ ಹಾಡುವವರ ಗಂಟಲು ಮಂದ್ರದ್ದು. ಹಾರ್ಮೋನಿಯಂನವರು ‘ಕಪ್ಪು ಒಂದು’ ಅಂದರೆ ಹಾಡುವವರು ‘ಇನ್ನೂ ಇಳಿಸಿ’ ಅನ್ನುತ್ತಾರೆ. ಕೇಪೋ ಶ್ರುತಿಯನ್ನು ಏರಿಸುತ್ತದೆ, ಇಳಿಸುವುದಿಲ್ಲ. ಮಾಮೂಲಿ ಗಿಟಾರ್‌ನಲ್ಲಿ ಕೆಳಗಿನ ಶ್ರುತಿಗೆ ಹೋದರೆ ಓಪನ್ ತಂತಿಗಳ ತುಂಬು ನಾದ ಸಿಗುವುದಿಲ್ಲ, ಎಲ್ಲವನ್ನೂ ಬಾರ್ ಕಾರ್ಡ್‌ನಲ್ಲೇ (ಒಂದೇ ಬೆರಳನ್ನು ಎಲ್ಲ ತಂತಿಗಳ ಮೇಲೆ ಅಡ್ಡ ಇಟ್ಟು) ಒತ್ತಬೇಕು. ಬ್ಯಾರಿಟೋನನ್ನು ಬಿ-ಯಿಂದ-ಬಿಗೆ, ಅಂದರೆ ಅತಿ ದಪ್ಪ ತಂತಿಯೂ ಅತಿ ತೆಳು ತಂತಿಯೂ ‘ಬಿ’ ಆಗುವ ಹಾಗೆ ಶ್ರುತಿ ಮಾಡಿಕೊಂಡರೆ ಅದೇ ಕೈ, ಅದೇ ಆಕಾರ. ಸ್ವರ ಮಾತ್ರ ಒಂದು ಮಧ್ಯಮದಷ್ಟು ಕೆಳಗೆ.

ನೆಕ್ ಹೊರದೇಶದಿಂದ ಬಂತು. ಕಸ್ಟಮ್ಸ್ ಕಥೆ ಇಲ್ಲಿ ಬೇಡ, ಬಿಪಿ ಏರುತ್ತದೆ. ಕೂರಿಸುವ ಕೆಲಸಕ್ಕೆ ಬೆಂಗಳೂರಿಗೆ ಹೋಗದೆ ನಮ್ಮ ಬೀದಿಯ ಆಚಾರ್ರ ಹತ್ತಿರ ಹೋದೆ. ಬಾಗಿಲು, ಕಿಟಕಿ ಮಾಡುವವರು. ಗಿಟಾರ್ ತಿರುಗಿಸಿ ನೋಡಿ, ‘ಇದಕ್ಕೆ ಗೋಂದು ಹಾಕೋದಿಲ್ವಾ ಮಾರಾಯ್ರೆ?’ ಅಂದರು. ಇಲ್ಲ ಅಂದೆ. ‘ಹಾಗಾದ್ರೆ ಹಿಡಿತ ಎಲ್ಲ ಕೂರೋ ಜಾಗದಲ್ಲೇ ಇರಬೇಕು’ ಅಂತ ಒಂದೇ ಮಾತಿನಲ್ಲಿ ವಿಷಯ ಮುಗಿಸಿದರು. ಸರಿಯಾದ ಮಾತು. ಫೆಂಡರ್ ಅಳತೆಯಲ್ಲಿ ನೆಕ್‌ನ ಬುಡ 2 ಇಂಚು 3/16 ಅಗಲ, ಅಂದರೆ ಹೆಚ್ಚುಕಮ್ಮಿ 56 ಮಿಲಿಮೀಟರ್. ನಮ್ಮಲ್ಲಿ ಸಿಗುವ ಅಗ್ಗದ ಕಾಪಿ ಗಿಟಾರ್‌ಗಳು ಈ ಅಳತೆಯನ್ನು ಪಾಲಿಸಿಯೇ ಇರುತ್ತವೆ ಅಂತ ಹೇಳಲಾಗದು. ಆರ್ಡರ್ ಮಾಡುವ ಮೊದಲು ವರ್ನಿಯರ್ ಹಿಡಿದು ಅಳೆಯಿರಿ. ಟೆಲಿ ನೆಕ್‌ನ ಬುಡ ಚೌಕ, ಸ್ಟ್ರಾಟ್‌ದು ದುಂಡು, ಅದೂ ನೆನಪಿರಲಿ.

ನನ್ನ ನೆಕ್‌ಗೆ ಸ್ಕ್ರೂ ತೂತು ಇರಲಿಲ್ಲ. ಆಚಾರ್ರು ಡ್ರಿಲ್ ಬಿಟ್‌ಗೆ ಆಳದ ಗುರುತಿಗೆ ಟೇಪ್ ಸುತ್ತಿ, ಸ್ಕ್ರೂಗೆ ಸೋಪು ಸವರಿ, ಮೇಪಲ್ ಮರ ಸೀಳದ ಹಾಗೆ ಕೂರಿಸಿದರು. ಆಮೇಲೆ ಫ್ರೆಟ್ ಬೋರ್ಡ್ ಮೇಲೆ ಬೆರಳಾಡಿಸಿ, ‘ಇದು ನಮ್ಮ ಬೀಟೆ ಅಲ್ವಾ?’ ಅಂದರು. ಹೌದು! ಇಂಡಿಯನ್ ರೋಸ್‌ವುಡ್ ಅಂತ ಮಾರುವುದು ಬೀಟೆಯೇ. ನಮ್ಮ ತೋಟದಲ್ಲೇ ಬೆಳೆದಿದ್ದರೂ ಅನುಮತಿ ಇಲ್ಲದೆ ಕಡಿಯುವಂತಿಲ್ಲದ ಮರ, ಪ್ರಪಂಚದ ಗಿಟಾರ್‌ಗಳ ಬೆನ್ನು ಮತ್ತು ಬೋರ್ಡ್ ಆಗಿ ತಿರುಗಾಡುತ್ತಿದೆ. 2017ರಲ್ಲಿ ಈ ಮರದ ಇಡೀ ಕುಲವೇ ಅಪಾಯದಲ್ಲಿರುವ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಅಂತಾರಾಷ್ಟ್ರೀಯ ಸೈಟಿಸ್ ಒಪ್ಪಂದದ ಪಟ್ಟಿಗೆ ಸೇರಿ, ಗಿಟಾರ್ ಗಡಿ ದಾಟಿಸುವುದೂ ಕಷ್ಟವಾಗಿತ್ತು. 2019ರ ಕೊನೆಯಿಂದ ತಯಾರಾದ ವಾದ್ಯಗಳಿಗೂ ಬಿಡಿ ಭಾಗಗಳಿಗೂ ವಿನಾಯಿತಿ ಇದೆ.

ನೆಕ್ ಹಾಕಿದ ತಕ್ಷಣ ಕೆಲಸ ಮುಗಿಯಲಿಲ್ಲ. ಉದ್ದ ಹೆಚ್ಚಿದರೂ ಮಾಮೂಲಿ ತಂತಿಯ ಬಿಗಿ ಶೇಕಡಾ 71ಕ್ಕೆ ಬರುತ್ತದೆ ಅಷ್ಟೇ. ಬ್ಯಾರಿಟೋನ್ ಸೆಟ್ಟೇ ಬೇಕು, 13-62 ಅಥವಾ 14-68 (ಅತಿ ತೆಳು ತಂತಿಯಿಂದ ಅತಿ ದಪ್ಪದ್ದರವರೆಗಿನ ಗೇಜ್). ನಾನು ಹಗುರದ್ದನ್ನೇ ಹಾಕಿದ್ದೇನೆ. ದಪ್ಪ ತಂತಿ ಕೂರುವಷ್ಟು ನಟ್‌ನ ಸೀಳು ಉಜ್ಜಬೇಕು. ಸ್ಯಾಡಲ್ (ಬ್ರಿಡ್ಜ್ ಮೇಲೆ ತಂತಿ ಕೂರುವ ತುಂಡು) ಹಿಂದಕ್ಕೆ ಸರಿಸಿ ಇಂಟೋನೇಷನ್, ಅಂದರೆ ಎಲ್ಲ ಫ್ರೆಟ್‌ಗಳಲ್ಲೂ ಶ್ರುತಿ ಸರಿ ಬರುತ್ತದೆಯೇ ಅಂತ ನೋಡಬೇಕು. ಟೆಲಿಯಲ್ಲಿ ತಂತಿ ಬಾಡಿಯ ಹಿಂದಿನಿಂದ ಹಾಯುವುದರಿಂದ ಮಾಮೂಲಿ ತಂತಿಯ ಉದ್ದ ಸಾಲದೆ ಹೋಗಬಹುದು. ಇನ್ನು ನಮ್ಮ ಮಳೆಗಾಲ. ಜೂನ್ ಬಂತೆಂದರೆ ಬಾಗಿಲೇ ಉಬ್ಬಿ ಚೌಕಟ್ಟಿಗೆ ಕಚ್ಚುವ ಊರಿದು, ನೆಕ್ ಸುಮ್ನೆ ಇರುತ್ತಾ? ಟ್ರಸ್ ರಾಡ್ (ನೆಕ್ ಒಳಗಿದ್ದು ಅದರ ಬಾಗು ಸರಿಪಡಿಸುವ ಲೋಹದ ಸರಳು) ತಿರುಗಿಸುವ ಕೀಲಿ ಕೈಗೆ ಸಿಗುವ ಹಾಗೆ ಇಟ್ಟುಕೊಂಡಿರಿ.

ಕೈಗೆ ವ್ಯತ್ಯಾಸ ಗೊತ್ತಾಗುತ್ತದೆ. ನಟ್‌ನಿಂದ ಮೊದಲ ಫ್ರೆಟ್‌ವರೆಗಿನ ಅಂತರ 36 ಮಿಲಿಮೀಟರ್ ಇದ್ದದ್ದು 41ರ ಹತ್ತಿರ ಹೋಗಿದೆ. ಚಿಕ್ಕ ಕೈಯವರಿಗೆ 27 ಇಂಚೇ ವಾಸಿ. ನೆಕ್ ಭಾರಕ್ಕೆ ತಲೆ ಕೆಳಗೆ ವಾಲುತ್ತದೆ, ಅಗಲದ ಪಟ್ಟಿ ಹಾಕಿದರೆ ಸ್ವಲ್ಪ ತಡೆಯುತ್ತದೆ. ಹಳೆಯ ಬ್ಯಾಗಿನೊಳಗೆ ಗಿಟಾರ್ ಹಿಡಿಯಲಿಲ್ಲ. ಬೇಸ್ ಗಿಟಾರ್‌ನ ಬ್ಯಾಗ್ ತಗೊಂಡೆ.

ನುಡಿಸುವ ಬಗ್ಗೆ ಒಂದು ಜಗಳ ಇದೆ. ಬ್ಯಾರಿಟೋನ್ ಸಿಕ್ಕಿತು ಅಂತ ಆರೂ ತಂತಿ ಬಾರಿಸಬೇಡಿ. ಬೇಸ್ ಗಿಟಾರ್ ಮತ್ತು ತಬಲಾದ ಡಗ್ಗಾ ಇರುವ ಜಾಗಕ್ಕೆ ನೀವೂ ನುಗ್ಗಿದರೆ ಹಾಡುವವರ ಧ್ವನಿ ಮುಳುಗುತ್ತದೆ. ಎರಡು ಮೂರು ತಂತಿ ಮೀಟಿ ಬಿಟ್ಟುಬಿಡಿ. ಅಮೆರಿಕದ ನ್ಯಾಶ್‌ವಿಲ್ ಸ್ಟುಡಿಯೋಗಳಲ್ಲಿ ಆರು ತಂತಿಯ ಬೇಸ್ ಗಿಟಾರ್‌ನವರು ಮಾಡುತ್ತಿದ್ದುದೂ ಇಂಥದ್ದೇ. ಡ್ಯಾನೆಲೆಕ್ಟ್ರೋ ಕಂಪನಿ 1956ರಲ್ಲಿ ಅಂಥ ವಾದ್ಯ ಮಾಡಿತ್ತು. ನಿಂತು ನುಡಿಸುವ ದೊಡ್ಡ ಬೇಸ್‌ನ ಸ್ವರದ ಮೇಲೆ, ಅಂಗೈಯಿಂದ ತಂತಿ ಅದುಮಿಕೊಂಡು ಅದೇ ಸ್ವರವನ್ನು ಟಿಕ್ ಟಿಕ್ ಅಂತ ಮೀಟುತ್ತಿದ್ದರು. ಭಾವಗೀತೆಯ ಚರಣದಲ್ಲಿ ಆ ಉಪಾಯ ಚೆನ್ನಾಗಿ ಕೂರುತ್ತದೆ. ನಾನು ಪಲ್ಲವಿಗೆ ಕೈ ಕಟ್ಟಿ ಕೂತು, ಚರಣಕ್ಕೆ ಮಾತ್ರ ನುಡಿಸುತ್ತೇನೆ.

ಇರುವುದು ಒಂದೇ ಗಿಟಾರ್ ಆಗಿದ್ದು, ಈಗಿನ್ನೂ ಕಲಿಯುತ್ತಿದ್ದರೆ ಇದು ಬೇಡ. ಮೂಲೆಯಲ್ಲಿ ಇನ್ನೊಂದು ಸ್ಟ್ರಾಟ್ ಕಾಪಿ ಧೂಳು ತಿನ್ನುತ್ತಿದ್ದರೆ ಮಾತ್ರ ಮಾಡಿ. ಹಳೆಯ ನೆಕ್ ಮಾರಬೇಡಿ, ಮನಸ್ಸು ಬದಲಾದರೆ ವಾಪಸ್ ಹಾಕಬಹುದು. ಆದರೆ ಪ್ರತಿ ಕಾರ್ಯಕ್ರಮಕ್ಕೂ ಬಿಚ್ಚಿ ಹಾಕಿ ಮಾಡಿದರೆ ಮರದ ತೂತು ಸವೆದು ಸ್ಕ್ರೂ ಹಿಡಿಯುವುದಿಲ್ಲ. ಊರಿನಲ್ಲಿ ಯಾರಿಗಾದರೂ ನುಡಿಸಿ ನೋಡಬೇಕು ಅನ್ನಿಸಿದರೆ ಭಾನುವಾರ ಮನೆಗೆ ಬನ್ನಿ. ಸಡಿಲ ತಂತಿಯ ಗಿಟಾರನ್ನೂ ತನ್ನಿ, ಪಕ್ಕಪಕ್ಕದಲ್ಲಿ ಕೇಳೋಣ.