ಹೊರಗಿನ ಕೀಬೋರ್ಡ್ ಹಾಕಿದರೆ ಕನ್ನಡ ಯಾಕೆ ಹೋಗಬೇಕು?

ನನ್ನ ಫೋನಿಗೆ ಬ್ಲೂಟೂತ್ ಕೀಬೋರ್ಡ್ ಜೋಡಿಸಿದ ತಕ್ಷಣ ಕನ್ನಡ ಮಾಯವಾಗುತ್ತದೆ. ಸ್ಕ್ರೀನ್ ಮೇಲೆ ಬೆರಳಾಡಿಸಿದರೆ ಕನ್ನಡ ಬರುತ್ತದೆ. ಅದೇ ಫೋನು, ಅದೇ ನೋಟ್ಸ್ ಆಪ್. ಕೀಲಿ ಒತ್ತಿದರೆ ಮಾತ್ರ ಬರೀ ಇಂಗ್ಲಿಷ್. ಹೊಟ್ಟೆ ಉರಿಯುತ್ತದೆ ಕಣ್ರೀ.

ನಾನು ಕೋಲಾರದ ಸುತ್ತಮುತ್ತ ಕೆರೆಗಳ ವಿಷಯ ಬರೆದಿಟ್ಟುಕೊಳ್ಳುತ್ತೇನೆ. ಹಿಂದೆ ತೂಬು ಎತ್ತುತ್ತಿದ್ದ, ಗದ್ದೆಗಳಿಗೆ ಸರದಿ ಪ್ರಕಾರ ನೀರು ಬಿಡುತ್ತಿದ್ದ ನೀರುಗಂಟಿಗಳು ಈಗ ತುಂಬಾ ವಯಸ್ಸಾದವರು. ಅವರು ಮಾತಾಡುವುದು ಏರಿ ಮೇಲೆ, ಅರಳಿಕಟ್ಟೆ ಮೇಲೆ ಕೂತು. ಯಾವ ಕೆರೆ ಕೋಡಿ ಬಿದ್ದರೆ ನೀರು ಯಾವ ಕೆರೆಗೆ ಹೋಗುತ್ತಿತ್ತು, ಯಾರ ಗದ್ದೆಗೆ ಮೊದಲು ನೀರು, ಹೂಳು ಯಾವಾಗ ಎತ್ತುತ್ತಿದ್ದರು, ಎಲ್ಲ ಒಂದೇ ಉಸಿರಿಗೆ ಹೇಳುತ್ತಾರೆ. ಅಲ್ಲಿಗೆ ಲ್ಯಾಪ್‌ಟಾಪ್ ಹೊತ್ತುಕೊಂಡು ಹೋಗೋಕಾಗಲ್ಲ. ಅದಕ್ಕೇ ಮಡಚುವ ಕೀಬೋರ್ಡ್ ತಗೊಂಡೆ. ಕಂಪ್ಯೂಟರಿನಲ್ಲಿ 'ನುಡಿ' ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರ್ ಬಳಸಿ ಕೈ ಪಳಗಿದೆ. ಕೀಲಿ ನೋಡದೆ ಟೈಪ್ ಮಾಡುತ್ತೇನೆ. ಕಟ್ಟೆ ಅಂತ ಬರೆಯಲು ಕೆ, ಕ್ಯೂ, ಎಫ್, ಕ್ಯೂ, ಇ ಕೀಲಿಗಳನ್ನು ಒತ್ತಿದರಾಯಿತು. ಬೆರಳು ತಾನಾಗಿ ಹೋಗುತ್ತದೆ. ಹೆಬ್ಬೆರಳಲ್ಲಿ ಸ್ಕ್ರೀನ್ ಒತ್ತುತ್ತಾ ಕೂತರೆ ಅಜ್ಜ ಮೂರು ಮಾತು ಮುಂದೆ ಹೋಗಿರುತ್ತಾರೆ.

ಕೀಬೋರ್ಡ್ ಮಾರಿದ ಅಂಗಡಿಯವರನ್ನು ಕೇಳಿದೆ. "ಸಾರ್, ಇದು ಇಂಗ್ಲಿಷ್ ಕೀಬೋರ್ಡು. ಕನ್ನಡ ಬೇಕಂದ್ರೆ ಸ್ಟಿಕರ್ ಅಂಟಿಸ್ಕೊಳ್ಳಿ" ಅಂದರು.

ಸ್ಟಿಕರ್ ಅಂಟಿಸಿದರೆ ಏನಾಗುತ್ತದೆ? ಏನೂ ಆಗಲ್ಲ. ಕೀಬೋರ್ಡಿಗೆ ಯಾವ ಭಾಷೆಯೂ ಗೊತ್ತಿಲ್ಲ. ಕೀಲಿ ಒತ್ತಿದಾಗ ಅದು ಫೋನಿಗೆ ಕಳಿಸುವುದು ಇಂಥ ಕೀಲಿ ಒತ್ತಿದರು ಅನ್ನುವ ಒಂದು ಸಂಖ್ಯೆಯನ್ನು ಮಾತ್ರ. ಆ ಸಂಖ್ಯೆಗೆ ಯಾವ ಅಕ್ಷರ ಅಂತ ತೀರ್ಮಾನ ಮಾಡುವುದು ಫೋನು. ಅಂದರೆ ತಪ್ಪು ಪೂರ್ತಿ ಫೋನಿನೊಳಗಿನ ಸಾಫ್ಟ್‌ವೇರಿನದು. ಕನ್ನಡದ್ದಲ್ಲ, ಕೀಬೋರ್ಡಿನದೂ ಅಲ್ಲ.

ಸೆಟ್ಟಿಂಗ್ಸ್‌ಗೆ ಹೋಗಿ ಹೊರಗಿನ ಕೀಬೋರ್ಡಿನ ಭಾಷೆಗಳ ಪಟ್ಟಿ ನೋಡಿದೆ. ಐಸ್‌ಲ್ಯಾಂಡಿನ ಭಾಷೆ ಇದೆ. ಎಸ್ಟೋನಿಯಾದ್ದು ಇದೆ. ಇರಲಿ, ಅವರಿಗೂ ಬೇಕು, ಅವರ ಮೇಲೆ ನನಗೆ ಕೋಪವಿಲ್ಲ. ಆದರೆ ಐಸ್‌ಲ್ಯಾಂಡಿನ ಜನಸಂಖ್ಯೆ 4 ಲಕ್ಷದ ಆಸುಪಾಸು. ನಮ್ಮ ಕೋಲಾರ ಜಿಲ್ಲೆಯೊಂದರಲ್ಲೇ 2011ರ ಜನಗಣತಿ ಪ್ರಕಾರ 15 ಲಕ್ಷ ಜನ. ಅದೇ ಜನಗಣತಿಯಲ್ಲಿ ಇಡೀ ದೇಶದಲ್ಲಿ ಕನ್ನಡ ತಾಯ್ನುಡಿ ಅಂತ ಬರೆಸಿದವರು 4 ಕೋಟಿ 37 ಲಕ್ಷ. ಇಷ್ಟು ಜನರಿಗೆ ಪಟ್ಟಿಯಲ್ಲಿ ಒಂದು ಸಾಲಿಲ್ಲ!

ಕಷ್ಟದ ಕೆಲಸವೂ ಅಲ್ಲ. ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡ್ ಅನ್ನುವ ವ್ಯವಸ್ಥೆಯ ಮೊದಲ ಆವೃತ್ತಿ ಬಂದ 1991ರಲ್ಲೇ ಅದರಲ್ಲಿ ಕನ್ನಡ ಇತ್ತು. ಭಾರತೀಯ ಲಿಪಿಗಳಿಗೆ ಹೊಂದುವ ಇನ್‌ಸ್ಕ್ರಿಪ್ಟ್ ಅನ್ನುವ ಕೀಲಿ ವಿನ್ಯಾಸ ಇದೆ. ಕಂಪ್ಯೂಟರಿಗೆ ಕನ್ನಡ ತಂದವರಲ್ಲಿ ಮೊದಲಿಗರಾದ ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸ ಇದೆ, ನುಡಿಯಲ್ಲಿರುವುದೂ ಅದರ ಜಾಡೇ. ಯಾವ ಕೀಲಿಗೆ ಯಾವ ಅಕ್ಷರ ಅಂತ ಆಗಲೇ ಲೆಕ್ಕ ಹಾಕಿ ಇಟ್ಟಿದ್ದಾರೆ. ಹೊಸದಾಗಿ ಕಂಡುಹಿಡಿಯೋದು ಏನೂ ಇಲ್ಲ.

ಸಲಹೆ ಕೊಡುವವರಿಗಂತೂ ಕೊರತೆಯಿಲ್ಲ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದುಕೋ, ಆಮೇಲೆ ಬದಲಾಯಿಸಿದರಾಯಿತು ಅನ್ನುತ್ತಾರೆ. ಅದನ್ನೂ ಮಾಡಿದೆ. ರಾತ್ರಿ ಕೂತು ನೋಡಿದರೆ ಅದು ಕೋಡಿಯೋ ಕೊಡಿಯೋ, ಕಟ್ಟೆಯೋ ಕತ್ತೆಯೋ ಗೊತ್ತಾಗಲ್ಲ. ಊರಿನ ಹೆಸರುಗಳ ಪಾಡು ಕೇಳಲೇಬೇಡಿ. ಬಾಯಲ್ಲಿ ಹೇಳಿದರೆ ಫೋನೇ ಬರೆಯುತ್ತದಲ್ಲ ಅನ್ನುತ್ತಾರೆ ಇನ್ನು ಕೆಲವರು. ನಮ್ಮ ಕಡೆ ಅಜ್ಜಂದಿರು ಒಂದು ಮಾತು ಕನ್ನಡ, ಒಂದು ಮಾತು ತೆಲುಗು ಸೇರಿಸಿ ಮಾತಾಡುತ್ತಾರೆ. ಫೋನು ಅದನ್ನು ಕೇಳಿಸಿಕೊಂಡು ಬರೆದದ್ದು ಓದಿದರೆ ಅಳು ಬರುತ್ತದೆ. ತೂಬು ಅನ್ನುವ ಮಾತೇ ಅದಕ್ಕೆ ಗೊತ್ತಿಲ್ಲ. ಸಾಲದ್ದಕ್ಕೆ ಏರಿ ಮೇಲೆ ನೆಟ್‌ವರ್ಕ್ ಸಿಗಲ್ಲ.

ಒಂದು ಆಪ್ ಹಾಕಿಕೊಂಡೆ. ಅದರಲ್ಲಿ ಹೊರಗಿನ ಕೀಬೋರ್ಡಿನಿಂದಲೂ ಕನ್ನಡ ಬಂತು. ಎಷ್ಟು ಖುಷಿಯಾಗಿತ್ತು ಗೊತ್ತಾ! ಫೋನ್ ಅಪ್‌ಡೇಟ್ ಆಯಿತು, ಒತ್ತಕ್ಷರಗಳೆಲ್ಲ ಒಡೆದು ಬೇರೆ ಬೇರೆಯಾಗಿ ಕೂತವು. ಬಿಡುವಿನಲ್ಲಿ ಯಾರೋ ಪುಣ್ಯಾತ್ಮರು ಮಾಡಿದ ಆಪ್ ಅದು, ಅವರನ್ನು ಬೈಯಲು ಮನಸ್ಸು ಬರಲ್ಲ. ಸಾವಿರಾರು ರೂಪಾಯಿ ಎಣಿಸಿಕೊಂಡು, ಡಬ್ಬದ ಮೇಲೆ ಕನ್ನಡದಲ್ಲಿ ಜಾಹೀರಾತು ಅಚ್ಚು ಹಾಕಿ ಫೋನು ಮಾರುವವರನ್ನು ಬೈಯಬೇಕು.

ಕೀಬೋರ್ಡ್ ಮಧ್ಯೆ ಮಧ್ಯೆ ನಿದ್ದೆ ಹೋಗುತ್ತದೆ, ಎದ್ದಾಗ ಮೊದಲ ಒಂದೆರಡು ಅಕ್ಷರ ನುಂಗುತ್ತದೆ. ಅದನ್ನು ಸಹಿಸಿಕೊಳ್ಳಬಹುದು. ಬರೆಯಬೇಕಾದ ಭಾಷೆಯೇ ಬರದಿದ್ದರೆ ಏನು ಮಾಡೋದು?

ಫೋನ್ ಕಂಪನಿಗೆ ದೂರು ಬರೆದೆ. ಫೋನ್ ಆಫ್ ಮಾಡಿ ಆನ್ ಮಾಡಿ ನೋಡಿ ಅಂತ ಇಂಗ್ಲಿಷಿನಲ್ಲಿ ಉತ್ತರ ಬಂತು. ನಾನು ಕೇಳಿದ್ದೇನು, ಇವರು ಹೇಳಿದ್ದೇನು? ಮತ್ತೆ ಬರೆದಿದ್ದೇನೆ, ಈ ಸಲ ಕನ್ನಡದಲ್ಲೇ. ಇನ್‌ಸ್ಕ್ರಿಪ್ಟ್ ಮತ್ತು ಕೆ.ಪಿ. ರಾವ್ ವಿನ್ಯಾಸ, ಎರಡನ್ನೂ ಹೆಸರು ಹಿಡಿದು ಕೇಳಿದ್ದೇನೆ. ನಿಮಗೂ ಇದೇ ತೊಂದರೆ ಇದ್ದರೆ ಸುಮ್ನೆ ಇರಬೇಡಿ, ನೀವೂ ಬರೆಯಿರಿ. ಫೋನಿನ ಮಾಡೆಲ್ ಹಾಕಿ, ಆ ಭಾಷೆಗಳ ಪಟ್ಟಿಯ ಸ್ಕ್ರೀನ್‌ಶಾಟ್ ಲಗತ್ತಿಸಿ ಕಳಿಸಿ.