ಪುಟ್ಟ ಅಲಿಯಾಸ್ ಪೈಲಟ್

ನಮ್ಮ ಅಕ್ಕನ ಮಗ ಅಮೆರಿಕಕ್ಕೆ ಹೋಗಿ ವಿಮಾನ ಕಲಿತು ಪೈಲಟ್ ಆಗಬೇಕಂತೆ. ಆಗಲಿ ಬಿಡಿ. ಹಾಸನದವರಿಗೆ ಆಕಾಶ ಹೊಸದೇನಲ್ಲ. ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಶುರು ಮಾಡಿ ಒಂದು ರೂಪಾಯಿಗೂ ಟಿಕೆಟ್ ಮಾರಿದರು. ಸಾಲಗಾಮೆ ರಸ್ತೆಯಲ್ಲಿ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ಇದೆ. ಸುಮಾರು 36 ಸಾವಿರ ಕಿಲೋಮೀಟರ್ ಮೇಲಿರುವ ಉಪಗ್ರಹಕ್ಕೆ ಇಲ್ಲಿ ಕೂತವರು ‘ಸ್ವಲ್ಪ ಈ ಕಡೆ ತಿರುಗು ಮಾರಾಯ’ ಅನ್ನುತ್ತಾರೆ, ಅದು ತಿರುಗುತ್ತದೆ. ಬೂವನಹಳ್ಳಿಯಲ್ಲಿ ಆಗಬೇಕಾದ ವಿಮಾನ ನಿಲ್ದಾಣ ಮಾತ್ರ ಯಾರು ಎಷ್ಟು ಹೇಳಿದರೂ ನಮ್ಮ ಕಡೆ ತಿರುಗಿ ನೋಡಿಲ್ಲ. ಅದರ ಕಥೆ ಎತ್ತಿದರೆ ಇವತ್ತು ಮುಗಿಯುವುದಿಲ್ಲ.

ಕಳೆದ ವಾರ ಹುಡುಗ ಲ್ಯಾಪ್‌ಟಾಪ್ ಹಿಡಿದುಕೊಂಡು ನಮ್ಮ ಮನೆಗೆ ಬಂದ. ‘ಮಾವ, ಇಂಗ್ಲಿಷ್ ಫಾರಂ, ಜೊತೆಗೆ ಕೂತ್ಕೋ’ ಅಂದ. ನಾನು ಪೇಪರಿನಲ್ಲಿ ನಾಲ್ಕಕ್ಷರ ಬರೆಯುತ್ತೇನೆ ಅನ್ನುವ ಒಂದೇ ಕಾರಣಕ್ಕೆ ಮನೆಯವರಿಗೆಲ್ಲ ನಾನು ಅರ್ಜಿ ಬರೆಯುವವನು. ಕೂತೆ. ಬೆಳಿಗ್ಗೆ ಕೂತವರು ಎದ್ದದ್ದು ಹಸು ಕರೆಯುವ ಹೊತ್ತಿಗೆ.

ಮೊದಲು ವೀಸಾ. 2025ರ ಜೂನ್‌ನಲ್ಲಿ ಅಮೆರಿಕ ಹೊರಡಿಸಿದ ಫರ್ಮಾನು ನೀವೂ ಓದಿರುತ್ತೀರಿ. ಅಲ್ಲಿಗೆ ಕಲಿಯಲು ಹೋಗುವವರೆಲ್ಲ, ವಿಮಾನ ಕಲಿಯಲು ಎಂ-1 ವೀಸಾ ಕೇಳುವವರೂ ಸೇರಿ, ತಮ್ಮ ಫೇಸ್‌ಬುಕ್ಕು, ಇನ್‌ಸ್ಟಾಗ್ರಾಂ ಎಲ್ಲವನ್ನೂ ಬಾಗಿಲು ತೆರೆದು ಇಡಬೇಕು. ಅಧಿಕಾರಿಗಳು ಒಳಗೆ ಬಂದು ನೋಡಿಕೊಂಡು ಹೋಗುತ್ತಾರೆ. ಸರಿ, ಅವರಿಗಿಂತ ಮೊದಲು ನಾವೇ ನೋಡೋಣ ಅಂತ ಹುಡುಗನ ಅಕೌಂಟ್ ತೆಗೆದೆವು. ಸಕಲೇಶಪುರದ ಮಂಜು, ಒಂದು ಬುಲೆಟ್ ಬೈಕು, ಅದರ ಮೇಲೆ ಇವನು. ಅಷ್ಟೇ. ಆದರೆ ಕೆಳಗೆ ಗೆಳೆಯರ ಕಾಮೆಂಟ್ ನೋಡಿ ನನ್ನ ಎದೆ ಧಸಕ್ಕೆಂದಿತು. ‘ಬೆಂಕಿ ಮಗಾ’. ‘ಫುಲ್ ಬ್ಲಾಸ್ಟ್ ಗುರು’. ‘ಬಾಂಬ್ ಫೋಟೋ’. ‘ಊರಿಗೇ ಬೆಂಕಿ ಇಟ್ಟೆ ಬಿಡಪ್ಪ’. ಪೈಲಟ್ ಆಗಲು ಹೊರಟ ಹುಡುಗನ ಫೋಟೋ ಕೆಳಗೆ ಇದೆಲ್ಲ ಇದ್ದರೆ, ಚೆನ್ನೈಯಲ್ಲಿ ಕೂತ ಅಧಿಕಾರಿಯ ಅನುವಾದದ ಯಂತ್ರ ಏನು ಹೇಳಬಹುದು ಅಂತ ನೀವೇ ಯೋಚನೆ ಮಾಡಿ. ಬೆಂಕಿ ಅಂದರೆ ‘ತುಂಬಾ ಚೆನ್ನಾಗಿದೆ’ ಅಂತ ಅರ್ಥ ಎಂದು ನಮ್ಮ ಅಕ್ಕನಿಗೆ ತಿಳಿಸುವುದೇ ಕಷ್ಟ ಆಯಿತು, ಇನ್ನು ಅಮೆರಿಕಕ್ಕೆ ಯಾರು ತಿಳಿಸುವುದು? ಕಾಮೆಂಟ್ ಅಳಿಸೋಣ ಅಂದರೆ ಹುಡುಗ ಹೆದರಿದ. ಅಳಿಸಿದ್ದು ಯಾಕೆ ಅಂತ ಕೇಳಿದರೆ? ಕೊನೆಗೆ ಗೆಳೆಯರಿಗೆಲ್ಲ ಫೋನ್ ಮಾಡಿ, ಇನ್ನು ಮೇಲೆ ‘ಚಿತ್ರ ಸೊಗಸಾಗಿದೆ ಮಿತ್ರಾ’ ಅಂತ ಬರೆಯಿರಿ ಅಂದ. ಒಬ್ಬ ಆಗಲೇ ಬರೆದೂ ಬಿಟ್ಟ. ಅದನ್ನು ನೋಡಿದರೆ ನನಗೇ ಅನುಮಾನ ಬರುತ್ತದೆ.

ಚೆನ್ನೈ ಅಂದೆ ಅಲ್ವಾ, ಅದೂ ಒಂದು ಚೆಂದ. 2025ರ ಜನವರಿಯಲ್ಲಿ ಬೆಂಗಳೂರಿಗೆ ಅಮೆರಿಕದ ಕಾನ್ಸುಲೇಟ್ ಬಂತು ಅಂತ ಟೇಪು ಕತ್ತರಿಸಿದರು. ವೀಸಾ ಕೊಡುವ ಕೆಲಸ ಮಾತ್ರ ಜೊತೆಗೆ ಬರಲಿಲ್ಲ. ಬೋರ್ಡು ಬೆಂಗಳೂರಿನಲ್ಲಿ, ಕ್ಯೂ ಚೆನ್ನೈಯಲ್ಲಿ. ಆಮೇಲೆ ಮೇ ಕೊನೆಯಲ್ಲಿ ವಿದ್ಯಾರ್ಥಿ ವೀಸಾದ ಹೊಸ ಇಂಟರ್‌ವ್ಯೂ ತಾರೀಕು ಕೊಡುವುದನ್ನೇ ಮೂರು ವಾರ ನಿಲ್ಲಿಸಿದರು. ನಮ್ಮ ಹಾಸನಾಂಬೆಯೂ ವರ್ಷಕ್ಕೆ ಒಂದೇ ಸಲ ಬಾಗಿಲು ತೆರೆಯುವವಳು. ಆದರೆ ಆಶ್ವಯುಜದ ಹುಣ್ಣಿಮೆ ಕಳೆದ ಗುರುವಾರ ಅಂತ ಎಲ್ಲರಿಗೂ ಗೊತ್ತು, ಅಜ್ಜಿ ಪಂಚಾಂಗ ನೋಡದೆ ಹೇಳುತ್ತಾರೆ. ಈ ದೇವರ ಗರ್ಭಗುಡಿ ಯಾವಾಗ ತೆರೆಯುತ್ತದೆ ಅಂತ ಪೂಜಾರಿಗೂ ಗೊತ್ತಿಲ್ಲ.

ವೀಸಾ ಫಾರಂನಲ್ಲಿ ಒಂದು ಪ್ರಶ್ನೆ ಇದೆ. ಅಮೆರಿಕದಲ್ಲಿ ಉಗ್ರಗಾಮಿ ಚಟುವಟಿಕೆ ನಡೆಸುವ ಉದ್ದೇಶ ನಿಮಗಿದೆಯೇ? ಹೌದು ಅಥವಾ ಇಲ್ಲ. ಇಷ್ಟು ವಿನಯದಿಂದ ನನ್ನನ್ನು ಇದುವರೆಗೆ ಯಾರೂ ಏನನ್ನೂ ಕೇಳಿಲ್ಲ. ‘ಹೌದು’ ಅಂತ ಒತ್ತಿದ ಪ್ರಾಮಾಣಿಕ ಉಗ್ರಗಾಮಿ ಇದ್ದರೆ ಅವನನ್ನು ನೋಡಬೇಕು ಅನಿಸಿತು. ಹುಡುಗ ‘ಇಲ್ಲ’ ಒತ್ತುವಾಗ ಎಡಗೈಯಲ್ಲಿ ಬಲಗೈ ಹಿಡಿದುಕೊಂಡಿದ್ದ, ಕೈ ಜಾರಿದರೆ ಕಷ್ಟ.

ಇಷ್ಟಾದ ಮೇಲೆ ಬೇರೆಯದೇ ಫಾರಂ, ಟಿಎಸ್‌ಎಯವರದ್ದು. ಅವರು ಅಮೆರಿಕದ ಸಾರಿಗೆಗೆ ಕಾವಲು ಕಾಯುವವರು. ವೀಸಾ ಸಿಕ್ಕರೂ ಇವರು ಹೂಂ ಅನ್ನದೆ ವಿದೇಶಿ ಹುಡುಗರು ಅಲ್ಲಿ ವಿಮಾನ ಕಲಿಯುವ ಹಾಗಿಲ್ಲ. 9/11 ಆದ ಮೇಲೆ ಬಂದ ಕಾನೂನು, 2004ರಿಂದ ಟಿಎಸ್‌ಎ ಕೈಯಲ್ಲಿದೆ. ಸುಮಾರು 20 ವರ್ಷ ಇದಕ್ಕಿದ್ದ ಹೆಸರಿನಲ್ಲೇ ‘ಏಲಿಯನ್’ ಅಂತ ಇತ್ತು. ಪರದೇಶದವನು ಅಂತಲೂ ಅರ್ಥ, ಬೇರೆ ಗ್ರಹದವನು ಅಂತಲೂ ಅರ್ಥ. ಉಪಗ್ರಹಗಳನ್ನು ಕೂರಿಸಿ ಏಳಿಸುವ ಊರಿನ ಹುಡುಗನನ್ನು ಏಲಿಯನ್ ಅಂದರೆ ಬೇಜಾರೇನಿಲ್ಲ, ಹತ್ತಿರದ ಮಾತೇ. ಆದರೂ 2024ರಲ್ಲಿ ಹೆಸರು ಬದಲಾಯಿಸಿದರು. ಹೊಗಳಬೇಕಾದ್ದನ್ನು ಹೊಗಳಬೇಕು. ಮೊದಲು ಒಂದೊಂದು ತರಬೇತಿಗೂ ಬೇರೆ ಬೇರೆ ಅರ್ಜಿ, ಒಂದೊಂದಕ್ಕೂ 130 ಡಾಲರ್ ಇತ್ತು. ಈಗ 140 ಡಾಲರ್ ಒಂದು ಸಲ ಕಟ್ಟಿದರೆ 5 ವರ್ಷದವರೆಗೆ ನೀನು ಅಪಾಯಕಾರಿ ಅಲ್ಲ ಅಂತ ಒಪ್ಪಿಕೊಳ್ಳುತ್ತಾರೆ. ನಮ್ಮ ದುಡ್ಡಿನಲ್ಲಿ 12 ಸಾವಿರದ ಆಸುಪಾಸು. ಒಳ್ಳೆಯವನು ಅಂತ ಸರ್ಟಿಫಿಕೇಟ್ ಬೇಕಿದ್ದರೆ ನಮ್ಮೂರಿನಲ್ಲಿ ಇದಕ್ಕಿಂತ ಅಗ್ಗಕ್ಕೆ ಸಿಗುತ್ತದೆ, ಆ ಮಾತು ಬೇರೆ.

ಹುಡುಗ ಕಲಿಯಲು ಹೊರಟಿರುವುದು ಬೋಯಿಂಗ್ ಅಲ್ಲ. ಸೆಸ್ನಾ 172, ನಾಲ್ಕು ಸೀಟು, ಒಂದು ಇಂಜಿನ್, ಪೂರ್ತಿ ತುಂಬಿಸಿದರೂ ಸುಮಾರು 1,150 ಕಿಲೋ. ಕಾಫಿ ಮೂಟೆ ಹೇರುವ ನಮ್ಮ ಭಾವನ ಬೊಲೆರೊ ಖಾಲಿ ನಿಂತಾಗಲೇ ಅದಕ್ಕಿಂತ ಭಾರ.

ಮೊದಲ ಪುಟದಲ್ಲಿ ಹೆಸರು ಕೇಳಿದರು. ಕೊಟ್ಟೆವು. ಅದರ ಕೆಳಗೆ, ನಿಮಗಿರುವ ಅಲಿಯಾಸ್‌ಗಳನ್ನೂ ಹೆಸರಿನ ಬೇರೆ ಬೇರೆ ಸ್ಪೆಲಿಂಗ್‌ಗಳನ್ನೂ ತಿಳಿಸಿ ಅಂತ ಇತ್ತು.

ಇಲ್ಲಿ ನಮ್ಮ ಬಂಡಿ ಹೂತುಕೊಂಡಿತು. ಕನ್ನಡದವನಿಗೆ ಅಲಿಯಾಸ್ ಅಂದರೆ ಏನು? ಪೇಪರಿನ ಐದನೇ ಪುಟದಲ್ಲಿ, ಸುತ್ತ ಪೊಲೀಸರು ನಿಂತು, ಮುಂದೆ ಮಚ್ಚು ಲಾಂಗು ಜೋಡಿಸಿಟ್ಟು, ನೆಲದ ಮೇಲೆ ಕೂತವನಿಗೆ ಮಾತ್ರ ಅಲಿಯಾಸ್ ಇರುತ್ತದೆ. ‘ನಮ್ಮ ವಂಶದಲ್ಲಿ ಯಾರಿಗೂ ಅದಿಲ್ಲ’ ಅಂತ ಅಕ್ಕ ಅಡುಗೆ ಮನೆಯಿಂದಲೇ ಹೇಳಿದಳು. ಆದರೆ ಫಾರಂನಲ್ಲಿ ಮುಚ್ಚಿಟ್ಟರೆ ತಪ್ಪಾಗುತ್ತದಲ್ಲ? ಹುಡುಗನನ್ನು ಮನೆಯಲ್ಲಿ ಪುಟ್ಟ ಅನ್ನುತ್ತಾರೆ. ಅಜ್ಜಿ ಪುಟ್ಟಣ್ಣಿ ಅನ್ನುತ್ತಾರೆ. ಹುಟ್ಟಿದಾಗ ಮನೆದೇವರ ಹೆಸರಿಟ್ಟು ಆಮೇಲೆ ಸ್ಕೂಲಿಗೆ ಸೇರಿಸುವಾಗ ಹೆಡ್‌ಮಾಸ್ಟರು ಅದು ಹಳೇ ಕಾಲದ್ದು ಅಂತ ಬೇರೆ ಬರೆದುಕೊಂಡರು. ಕ್ರಿಕೆಟ್ ಆಡುವ ಕಡೆ ಕುಳ್ಳ. ‘ಅಪ್ಪ ಕರೆಯೋದನ್ನೂ ಬರೀಬೇಕಾ?’ ಅಂತ ಅವನ ತಂಗಿ ಕೇಳಿದಳು. ಅಪ್ಪ ಕರೆಯುವುದು ದಂಡಪಿಂಡ ಅಂತ.

ಸ್ಪೆಲಿಂಗ್ ಕಥೆ ಇನ್ನೂ ಸೊಗಸು. ಆಧಾರ್‌ನಲ್ಲಿ ಗೌಡಕ್ಕೆ ಡಬ್ಲ್ಯು, ಹತ್ತನೇ ತರಗತಿಯ ಮಾರ್ಕ್ಸ್ ಕಾರ್ಡಿನಲ್ಲಿ ಯು. ಒಂದರಲ್ಲಿ ಇನಿಷಿಯಲ್ ಮುಂದೆ, ಇನ್ನೊಂದರಲ್ಲಿ ಹಿಂದೆ. ಇನಿಷಿಯಲ್ ಒಂದು ಊರಿನದ್ದು, ಇನ್ನೊಂದು ಅಪ್ಪನದ್ದು. ಪಾಸ್‌ಪೋರ್ಟ್ ಮಾಡಿಸುವಾಗ ಅದನ್ನೆಲ್ಲ ಬಿಡಿಸಿ ಬರೆಯಿರಿ ಅಂದದ್ದಕ್ಕೆ ಇಡೀ ಊರು, ಅಪ್ಪ, ಹುಡುಗ ಒಂದೇ ಸಾಲಿನಲ್ಲಿ ಬಂದು ನಿಂತಿದ್ದಾರೆ. ಇದರಲ್ಲಿ ಸರ್‌ನೇಮ್ ಯಾವುದು ಅಂದರೆ ಯಾರು ಹೇಳುವುದು? ನಮ್ಮ ಪರಿಚಯದವರೊಬ್ಬರ ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರು ಇತ್ತು. ಅಮೆರಿಕದ ವೀಸಾದಲ್ಲಿ ಅವರ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು ಅಂತ ಅಚ್ಚಾಗಿ ಬಂತು. ಮೊದಲ ಹೆಸರು ಗೊತ್ತಿಲ್ಲ ಅಂತ ಅದರ ಅರ್ಥ. ಅಲ್ಲಿನ ಆಫೀಸಿನಲ್ಲಿ ಅವರನ್ನು ವರ್ಷಗಟ್ಟಲೆ ‘ಫ್ನು’ ಅಂತ ಕರೆದರು.

ಆಮೇಲೆ 5 ವರ್ಷ ಎಲ್ಲೆಲ್ಲಿ ಇದ್ದಿರಿ ಅನ್ನುವ ವಿಳಾಸ. ಆಲೂರು ಕಡೆಯ ತೋಟದ ಮನೆಗೆ ಡೋರ್ ನಂಬರ್ ಇಲ್ಲ. ‘ಅರಳಿಕಟ್ಟೆ ದಾಟಿ, ಆನೆ ಕಂದಕ ಇರೋ ಕಡೆ ಎಡಕ್ಕೆ’ ಅಂತ ಬರೆದರೆ ಫಾರಂ ಕೆಂಪಗಾಗುತ್ತದೆ.

ಆನೆ ಅಂದಾಗ ನೆನಪಾಯಿತು. ಈ ಇಡೀ ವ್ಯವಹಾರಕ್ಕೆ ಅವರು ಇಟ್ಟಿರುವ ಹೆಸರು ಥ್ರೆಟ್ ಅಸೆಸ್‌ಮೆಂಟ್. ಅಪಾಯದ ಅಂದಾಜು. ಸಕಲೇಶಪುರ, ಆಲೂರು, ಬೇಲೂರಿನವರು ಇದನ್ನು ದಿನಾ ಬೆಳಿಗ್ಗೆ ಆರು ಗಂಟೆಗೆ ಮಾಡುತ್ತಾರೆ, 140 ಡಾಲರ್ ಇಲ್ಲದೆ. ಗೇಟಿನ ಹತ್ತಿರ ನಿಂತು ಕಿವಿಗೊಡುವುದು, ಬಿದಿರು ಮುರಿದ ಸದ್ದು ಬಂತಾ ಅಂತ ನೋಡುವುದು, ಲದ್ದಿ ಬಿಸಿ ಇದೆಯಾ ಅಂತ ಕಾಲಿನಲ್ಲಿ ಮುಟ್ಟುವುದು. ಅರಣ್ಯ ಇಲಾಖೆಯವರು ಕೆಲವು ಆನೆಗಳಿಗೆ ರೇಡಿಯೋ ಕಾಲರ್ ಕಟ್ಟಿದ್ದಾರೆ, ಹೆಸರೂ ಇಟ್ಟಿದ್ದಾರೆ. ಒಂದು ಸಲಗದ ಹೆಸರು ಕ್ಯಾಪ್ಟನ್. ನೋಡಿ, ಒಂದು ಗಂಟೆಯೂ ಹಾರದೆ ಕ್ಯಾಪ್ಟನ್ ಆದದ್ದು ಅದೊಂದೇ. ನಮ್ಮ ಹುಡುಗನಿಗೆ ಇಲ್ಲಿನ ಕಮರ್ಷಿಯಲ್ ಲೈಸೆನ್ಸ್ ಸಿಗಬೇಕಾದರೆ 200 ಗಂಟೆ ಹಾರಬೇಕು.

ಇಲ್ಲೇ ಕಲಿಯಬಾರದಾ ಅಂತ ಕೇಳುತ್ತೀರಿ, ಗೊತ್ತು. ಭಾವನೂ ಅದನ್ನೇ ಕೇಳಿದರು. ಬೆಂಗಳೂರಿನ ಜಕ್ಕೂರಿನಲ್ಲಿ ಸರ್ಕಾರದ ಹಾರಾಟದ ಶಾಲೆ 1940ರ ದಶಕದ ಕೊನೆಯಿಂದ ಇದೆ. ಅದರ ರನ್‌ವೇ ಪಕ್ಕದಲ್ಲೇ ಎತ್ತರಕ್ಕೆ ಹೈವೇ ಕಟ್ಟಿದರು. ವಿಮಾನ ಇಳಿಯುವ ದಾರಿಯಲ್ಲಿ ಕಾರು ಓಡಾಡುವ ಹಾಗೆ ಪ್ಲಾನ್ ಮಾಡಿದ ತಲೆಗೆ ಯಾವ ಟಿಎಸ್‌ಎಯೂ ಬೇಕಿಲ್ಲ.

ಈಗ ನಗು ಬಿಟ್ಟು ಒಂದೆರಡು ಮಾತು ಹೇಳುತ್ತೇನೆ. ತಪಾಸಣೆ ಮಾಡಬೇಡಿ ಅಂತ ನಾನು ಹೇಳುತ್ತಿಲ್ಲ. 9/11ರ ದಾಳಿಯಲ್ಲಿ ಸುಮಾರು 3 ಸಾವಿರ ಜನ ಸತ್ತಿದ್ದಾರೆ, ಯಾರ ಮನೆಯಾದರೂ ಮನೆಯೇ. ಆದರೆ ಅವತ್ತು ಕಮ್ಮಿ ಬಿದ್ದದ್ದು ಫಾರಂ ಅಲ್ಲ. 2001ರ ಜುಲೈ 10ರಂದು ಫೀನಿಕ್ಸ್‌ನ ಒಬ್ಬ ಎಫ್‌ಬಿಐ ಏಜೆಂಟ್ ಮೇಲಿನವರಿಗೆ ಬರೆದಿದ್ದ, ಬಿನ್ ಲಾಡೆನ್ ಕಡೆಯವರು ಇಲ್ಲಿ ವಿಮಾನ ಕಲಿಯುತ್ತಿರಬಹುದು, ಶಾಲೆಗಳನ್ನು ವಿಚಾರಿಸಿ ಅಂತ. ಅದರ ಮೇಲೆ ಏನೂ ಆಗಲಿಲ್ಲ. ಆಗಸ್ಟ್‌ನಲ್ಲಿ ಮಿನೆಸೊಟಾದ ಶಾಲೆಯೊಂದರ ಮೇಷ್ಟ್ರುಗಳಿಗೆ ಝಕಾರಿಯಾಸ್ ಮೂಸಾವಿ ಅನ್ನುವ ವಿದ್ಯಾರ್ಥಿಯ ಮೇಲೆ ಅನುಮಾನ ಬಂತು. ಶಾಲೆಯಿಂದಲೇ ಫೋನ್ ಹೋಯಿತು, ಅವನು ಸಿಕ್ಕಿಬಿದ್ದ. ಅವನ ಲ್ಯಾಪ್‌ಟಾಪ್ ತೆಗೆದು ನೋಡಲು ಮೇಲಿನಿಂದ ಅನುಮತಿ ಬಂದದ್ದು ಗೋಪುರ ಬಿದ್ದ ಮೇಲೆ. ಮೇಷ್ಟ್ರ ಕಣ್ಣು ಕೆಲಸ ಮಾಡಿತು, ಕಾಗದವೂ ಮೇಜಿನ ಮೇಲಿತ್ತು, ಓದುವವರು ಇರಲಿಲ್ಲ. ಅದಕ್ಕೆ ಇವರು ಕಂಡುಕೊಂಡ ಪರಿಹಾರ ಇನ್ನಷ್ಟು ಕಾಗದ.

ಇನ್ನೂ ಇದೆ. 2002ರ ಮಾರ್ಚ್ 11, ದಾಳಿ ಆಗಿ ಸರಿಯಾಗಿ ಆರು ತಿಂಗಳು. ಫ್ಲೋರಿಡಾದ ವೆನಿಸ್ ಅನ್ನುವ ಊರಿನ ವಿಮಾನ ಶಾಲೆಗೆ ವಲಸೆ ಇಲಾಖೆಯಿಂದ ಅಂಚೆ ಬಂತು. ನಿಮ್ಮ ವಿದ್ಯಾರ್ಥಿಗಳಾದ ಮೊಹಮ್ಮದ್ ಅಟ್ಟಾ ಮತ್ತು ಮರ್ವಾನ್ ಅಲ್ ಶೆಹ್ಹಿ ಅವರಿಗೆ ವಿದ್ಯಾರ್ಥಿ ವೀಸಾ ಮಂಜೂರಾಗಿದೆ. ಎರಡು ಗೋಪುರಕ್ಕೆ ವಿಮಾನ ನುಗ್ಗಿಸಿದ ಇಬ್ಬರು! ಇದನ್ನು ಓದಿದ ದಿನ ನನಗೆ ಅಮೆರಿಕದ ಮೇಲೆ ಅಕ್ಕರೆ ಉಕ್ಕಿತು. ನಮ್ಮ ತಾತ ತೀರಿಕೊಂಡು ಎಷ್ಟೋ ವರ್ಷದ ಮೇಲೆ, ಖುದ್ದಾಗಿ ಹಾಜರಾಗಿ ಅಂತ ಅವರ ಹೆಸರಿಗೇ ನೋಟಿಸ್ ಬಂದಿತ್ತು.

2010ರಲ್ಲಿ ಬಾಸ್ಟನ್ ಹತ್ತಿರದ ಒಂದು ಶಾಲೆ ಸಿಕ್ಕಿಬಿತ್ತು. ಕಾನೂನು ಮೀರಿ ಅಮೆರಿಕದಲ್ಲಿ ಉಳಿದಿದ್ದ 25 ಜನ ಅಲ್ಲಿ ವಿದ್ಯಾರ್ಥಿಗಳು. ಅವರಿಗೆಲ್ಲ ಟಿಎಸ್‌ಎ ಕಲಿಯಬಹುದು ಅಂದಿತ್ತು. ಶಾಲೆಯ ಯಜಮಾನನೂ ಕಾನೂನು ಮೀರಿ ಉಳಿದವನೇ. ಇನ್ನು ಅಮೆರಿಕದ ಸೇನೆಯೇ ಕೈ ಹಿಡಿದು ಕರೆತರುವ ವಿದೇಶಿ ಸೈನಿಕರಿಗೆ ಟಿಎಸ್‌ಎಯ ಈ ಅಂದಾಜು ಗಿಂದಾಜು ಇಲ್ಲ, ಹಾಸನಾಂಬೆ ದರ್ಶನದ ವಿಐಪಿ ಪಾಸಿನ ಹಾಗೆ ನೇರ ಒಳಗೆ. 2019ರ ಡಿಸೆಂಬರ್‌ನಲ್ಲಿ ಪೆನ್ಸಕೋಲಾದ ನೌಕಾ ನೆಲೆಯಲ್ಲಿ ಗುಂಡು ಹಾರಿಸಿ ಮೂವರನ್ನು ಕೊಂದವನು ಹಾಗೆ ತರಬೇತಿಗೆ ಬಂದಿದ್ದ ಸೌದಿ ವಾಯುಪಡೆಯವನು. ಧರ್ಮದರ್ಶನದ ಸಾಲಿನಲ್ಲಿ ಬಿಸಿಲಿಗೆ ನಿಂತವನ ಬ್ಯಾಗನ್ನು ಮೂರು ಸಲ ಬಿಚ್ಚಿಸುತ್ತಾರೆ. ಸುಸ್ತಾಗುತ್ತದೆ ಸ್ವಾಮಿ. ಅಕ್ಕ ತೋಟದ ಪತ್ರ ಬ್ಯಾಂಕಿಗೆ ಕೊಟ್ಟು ಕೂತಿದ್ದಾಳೆ, ಬಡ್ಡಿ ಯಾರ ಕ್ಲಿಯರೆನ್ಸಿಗೂ ಕಾಯುವುದಿಲ್ಲ. ಈ ಹುಡುಗ ಮಾಡಿರುವ ತಪ್ಪು ಏನು? ಎರಡು ಹೆಸರಿರುವುದು, ಮನೆಗೆ ನಂಬರ್ ಇಲ್ಲದಿರುವುದು.

ಫಾರಂ ಪೂರ್ತಿ ಆಗಲಿಲ್ಲ. ಡಬ್ಲ್ಯು ಗೌಡನೂ ಯು ಗೌಡನೂ ಒಬ್ಬನೇ, ಪುಟ್ಟಣ್ಣಿಯೂ ಅವನೇ ಅಂತ ಅಫಿಡವಿಟ್ ಮಾಡಿಸಿಟ್ಟುಕೊಂಡರೆ ಒಳ್ಳೆಯದು ಅಂತ ಯಾರೋ ಹೇಳಿದರು. ಮಾರನೇ ದಿನ ಕೋರ್ಟ್ ಹತ್ತಿರ ಹೋದೆವು. ಮರದ ಕೆಳಗೆ ಟೈಪ್ ಮಾಡುವವರು ಚೀಟಿ ಇಸಿದುಕೊಂಡು ಮೊದಲಿಂದ ಕೊನೆವರೆಗೆ ಓದಿದರು. ಇಂಥವರು ಅಲಿಯಾಸ್ ಪುಟ್ಟ ಅಲಿಯಾಸ್ ಪುಟ್ಟಣ್ಣಿ ಅಲಿಯಾಸ್ ಕುಳ್ಳ. ಕನ್ನಡಕ ಕೆಳಗೆ ಜಾರಿಸಿ ಹುಡುಗನನ್ನು ಒಂದು ಸಲ ನೋಡಿ, ನನ್ನ ಕಡೆ ಬಗ್ಗಿ ಮೆಲ್ಲಗೆ ಕೇಳಿದರು:

‘ಜಾಮೀನು ಆಗಿದೆಯಾ?’