ಹಳ್ಳದ ಹೂಳು ತೆಗೆಯೋಣ, ತಿರುವುಗಳನ್ನಲ್ಲ

2019ರಲ್ಲಿ ಕೊಪ್ಪಳದ ಗವಿಮಠದ ಶ್ರೀಗಳ ಮುಂದಾಳತ್ವದಲ್ಲಿ ಜನರು ಹಿರೇಹಳ್ಳಕ್ಕಿಳಿದು, 20 ಕಿಲೋಮೀಟರಿಗೂ ಹೆಚ್ಚು ದೂರ ಹೂಳು, ಆಪು ಹುಲ್ಲು, ಬಳ್ಳಾರಿ ಜಾಲಿ ತೆಗೆದು ನೀರಿಗೆ ದಾರಿ ಮಾಡಿಕೊಟ್ಟರು. ನಮ್ಮ ಜಿಲ್ಲೆ ಹೆಮ್ಮೆಪಡಬೇಕಾದ ಕೆಲಸ ಅದು. ಅದೇ ಹುಮ್ಮಸ್ಸಿನಲ್ಲಿ ಇತರ ಹಳ್ಳಗಳಿಗೂ ಕೈಹಚ್ಚುವವರಲ್ಲಿ ನನ್ನದೊಂದು ಕಳಕಳಿಯ ವಿನಂತಿಯಿದೆ: ಹಳ್ಳವನ್ನು ನೇರ ಕಾಲುವೆಯಾಗಿ ಮಾಡಬೇಡಿ.

ತಿರುವಿನ ಹೊರಮಗ್ಗುಲನ್ನು ನೀರು ಕೊರೆದು ಮಡು ಮಾಡುತ್ತದೆ, ಒಳಮಗ್ಗುಲಲ್ಲಿ ಉಸುಕು ತಂದು ಹಾಕುತ್ತದೆ. ಬೇಸಿಗೆಯಲ್ಲಿ ಹರಿವು ನಿಂತ ಮೇಲೆ ಮೀನುಗಳು ಬದುಕುವುದು ಆ ಮಡುವಿನಲ್ಲೇ. ಕೊರೆದು ನಿಂತ ಮಣ್ಣಿನ ದಂಡೆಯಲ್ಲಿ ಮಿಂಚುಳ್ಳಿ ಬಿಲ ತೋಡಿ ಮರಿ ಮಾಡುತ್ತದೆ. ಟಿಟ್ಟಿಭ ಹಕ್ಕಿ ಗರಸಿನ ಬಯಲಲ್ಲೇ ಮೊಟ್ಟೆಯಿಡುತ್ತದೆ. ಹಿಟಾಚಿ ಯಂತ್ರ ಎರಡೂ ದಂಡೆಗಳನ್ನು ಒಂದೇ ಇಳಿಜಾರಿಗೆ ಸವರಿ, ತಳವನ್ನು ಮಟ್ಟ ಮಾಡಿದರೆ ಇವೆಲ್ಲಕ್ಕೂ ನೆಲೆ ತಪ್ಪುತ್ತದೆ.

ಅಮೆರಿಕದ ಫ್ಲೋರಿಡಾದಲ್ಲಿ ಪ್ರವಾಹ ತಡೆಯಲೆಂದು 1962ರಿಂದ 1971ರವರೆಗೆ ಕಿಸ್ಸಿಮ್ಮಿ ನದಿಯನ್ನು ಅಗೆದು, ಸುಮಾರು 166 ಕಿಲೋಮೀಟರ್ ಬಳುಕಿ ಹರಿಯುತ್ತಿದ್ದುದನ್ನು 90 ಕಿಲೋಮೀಟರಿನ ಕಾಲುವೆಯಾಗಿಸಿದರು. ಬಯಲಿಗೆ ನೀರು ಹರಡದೆ ಜೌಗು ಒಣಗಿತು, ಚಳಿಗಾಲದ ಬಾತುಗಳು ಬಹುಪಾಲು ಕಾಣೆಯಾದವು. ಕೊನೆಗೆ 1999ರಿಂದ ಅವರೇ ಕಾಲುವೆಯ ಸುಮಾರು 35 ಕಿಲೋಮೀಟರ್ ಭಾಗವನ್ನು, ಹಿಂದೆ ಅಗೆದು ಪಕ್ಕಕ್ಕೆ ಸುರಿದಿದ್ದ ಮಣ್ಣಿನಿಂದಲೇ ಮುಚ್ಚತೊಡಗಿದರು; ಆ ಕೆಲಸ ಮುಗಿದದ್ದು 2021ರಲ್ಲಿ. ನೀರು ಹಳೆಯ ತಿರುವುಗಳಿಗೆ ಮರಳಿದಂತೆ ಕೊಳೆತ ಕೆಸರು ಕೊಚ್ಚಿಹೋಗಿ ಉಸುಕಿನ ದಿಣ್ಣೆಗಳು ಎದ್ದವು, ಹಕ್ಕಿಗಳೂ ಬಂದವು. ಆದರೆ ಅದಕ್ಕೆ ತಗುಲಿದ ಖರ್ಚು ನೂರು ಕೋಟಿ ಡಾಲರಿನ ಆಸುಪಾಸು. ಅಷ್ಟು ಹಣ ನಮ್ಮಲ್ಲಿಲ್ಲ. ಇರುವ ತಿರುವನ್ನು ಹಾಗೆಯೇ ಬಿಡಲು ಖರ್ಚೇ ಇಲ್ಲ.

ದಂಡೆ ಕೊರೆದು ಹೊಲ ಹೋಗುತ್ತದೆ ಎಂಬ ರೈತರ ಆತಂಕ ನಿಜವಾದದ್ದು, ಅದಕ್ಕೆ ಪರಿಹಾರ ಸಿಗಲೇಬೇಕು. ಆದರೆ ಹಳ್ಳ ನೇರವಾದಷ್ಟೂ ನೀರಿನ ರಭಸ ಹೆಚ್ಚುತ್ತದೆ, ಮೇಲಿನ ಊರಿನ ಕೊರೆತ ಕೆಳಗಿನ ಊರಿನ ಪಾಲಾಗುತ್ತದೆ.

ಮುದ್ಲಾಪುರದಿಂದ ಕಂಪ್ಲಿಯವರೆಗೆ ತುಂಗಭದ್ರೆಯ 34 ಕಿಲೋಮೀಟರ್ ಪಾತ್ರವನ್ನು 2015ರಲ್ಲಿ ನೀರುನಾಯಿಗಳ ಸಂರಕ್ಷಣಾ ಮೀಸಲು ಪ್ರದೇಶವೆಂದು ಸರ್ಕಾರ ಘೋಷಿಸಿತು. ನೀರುನಾಯಿಗೆ ಮೀನು ಬೇಕು, ಮಳೆಗಾಲದಲ್ಲಿ ಅನೇಕ ಮೀನುಗಳಿಗೆ ಮೊಟ್ಟೆಯಿಡಲು ಹೊಳೆ ಸೇರುವ ಹಳ್ಳಗಳು ಬೇಕು. ಹಳ್ಳ ಕೆಡಿಸಿ ಹೊಳೆಯನ್ನಷ್ಟೇ ಕಾಯಲಾಗದು.

ಆದ್ದರಿಂದ ಯಂತ್ರ ಇಳಿಸುವ ಮೊದಲು ಗ್ರಾಮ ನಕಾಶೆಯಲ್ಲಿ ಹಳ್ಳದ ಹಳೆಯ ಪಾತ್ರವನ್ನು ನೋಡಿ, ಊರ ಹಿರಿಯರನ್ನೂ ಮೀನು ಹಿಡಿಯುವವರನ್ನೂ ಕರೆದೊಯ್ದು ಮಡುಗಳನ್ನು ಗುರುತು ಹಾಕಿಸಬೇಕು. ಜಾಲಿ ಕೀಳಲಿ, ಈಚಲು, ಹೊಂಗೆ ನಿಲ್ಲಲಿ. ಈ ಷರತ್ತುಗಳನ್ನು ಕಾಮಗಾರಿಯ ಅಂದಾಜುಪಟ್ಟಿಯಲ್ಲೇ ಬರೆಸಲು ಗ್ರಾಮಸಭೆಗಳು ಪಟ್ಟು ಹಿಡಿಯಬೇಕು.